ಹುಣಸೆಹಣ್ಣು ಬಿಡಿಸುತ್ತ ಕಟ್ಟಿದ ಹಾಡು

ಹಿರಿಯೂರಿನ ನಮ್ಮ ಓಣಿಯ ಹೆಂಗಸರು ಬೇಸಿಗೆಯಲ್ಲಿ ಒಂದೊಂದು ದಿನ ಒಬ್ಬೊಬ್ಬರ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತೇವೆ. ಕೈಗೆ ಕೆಲಸವಿದ್ದಾಗ ಬಾಯಿ ಹಾಡು ಕಟ್ಟುತ್ತದೆ. ಒಬ್ಬಳು ಒಂದು ಸಾಲು ಎಸೆದರೆ ಇನ್ನೊಬ್ಬಳು ಮುಂದಿನದನ್ನು ಜೋಡಿಸಬೇಕು. ಸಾಲು ಹೊಳೆಯದವಳು ಎದ್ದು ಎಲ್ಲರಿಗೂ ಟೀ ಕಾಯಿಸಬೇಕು.

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಗೆ ಆಂಧ್ರದ ಗಡಿಯಾಚೆಯಿಂದ ಸೊಸೆ ಬಂದಿದ್ದಳು. ಕನ್ನಡ ಬರುತ್ತಿತ್ತು, ಆದರೆ ಯಾರ ಜೊತೆಗೂ ಮಾತಿಲ್ಲ. "ಹಿಂಗೇ ಮೂಗಿಯಂಗಿದ್ರೆ ತವರಿಗೆ ಹೊಂಟೋಗ್ತಾಳೇನೋ ಅಂತ ಭಯ ಆಗ್ತೈತೆ ಅಕ್ಕಾ" ಎಂದು ಅವಳ ಅತ್ತೆ ನನ್ನ ಹತ್ತಿರ ಹೇಳಿಕೊಂಡಿದ್ದಳು.

ಅವತ್ತು ಕೂತದ್ದು ಅವರ ಜಗಲಿಯಲ್ಲೇ. ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸಿಯೇ ನಿವೃತ್ತಳಾದವಳು ನಾನು. ಹುಡುಗಿಗೂ ಅವಕಾಶ ಸಿಗಲೆಂದು, ಎಡಗಡೆಯಿಂದ ಒಬ್ಬೊಬ್ಬರಾಗಿ ಹಾಡಬೇಕೆಂದು ಗೊತ್ತುಮಾಡಿದೆ. ಸರದಿ ಬಂದಾಗಲೆಲ್ಲ ಅವಳು ಟೀ ಕಾಯಿಸಲು ಎದ್ದು ಒಳಗೆ ಹೋದಳು. ನಾವು ಟೀ ಮೇಲೆ ಟೀ ಕುಡಿದೆವು.

"ಟೀಚರಮ್ಮಾ, ನಿಮ್ ಸರದಿ ಸಾಕು ಮಾಡ್ರಿ. ಹೊಟ್ಟೆ ಕೆರೆ ಆಗೈತೆ" ಎಂದಳು ಎದುರುಮನೆಯವಳು.

ಸರಿ, ಬಿಟ್ಟೆ. ಹುಡುಗಿ ಆಗಲೇ ಮತ್ತೆ ಒಳಗೆ ಹೋಗಿದ್ದಳು. ಎದುರುಮನೆಯವಳು ಅತ್ತೆಯನ್ನು ಓರೆಗಣ್ಣಿಂದ ನೋಡುತ್ತ ಶುರುಮಾಡಿದಳು:

"ಅತ್ತೆಮ್ಮ ಮಾಡಿದ ಮುದ್ದೆ ಕಲ್ಲಿನಂಗೈತೆ..."

ಯೋಚಿಸುವ ಮೊದಲೇ ನನ್ನ ಬಾಯಿಂದ ಬಂತು:

"ಎತ್ತಿ ಒಗೆದರೆ ಗೋಡೆ ಬಿರುಕು ಬಿಟ್ಟೈತೆ..."

ನಾನೆಂದೂ ಹಾಗೆ ಹಾಡಿದವಳಲ್ಲ. ಮೈಯೆಲ್ಲ ಹಗುರಾಯಿತು.

"ಅಯ್ಯೋ, ನನ್ ಮುದ್ದೆ ತಂಟೆಗೆ ಬರಬ್ಯಾಡ್ರಿ!" ಎಂದು ಅತ್ತೆ ಕೂಗಿದಳು. ಮೂರನೆಯ ಸಾಲು ಮಾತ್ರ ಯಾರಿಗೂ ಹೊಳೆಯಲಿಲ್ಲ. ಆಗ ಬಾಗಿಲ ಬಳಿಯಿಂದ, ಟೀ ತಟ್ಟೆ ಹಿಡಿದು ನಿಂತಿದ್ದ ಸೊಸೆ ಹಾಡಿದಳು:

"ಹೊತ್ತೊತ್ತಿಗೂ ತಿಂತೀನಿ, ಹಲ್ಲಿನ್ನೂ ಗಟ್ಟೈತೆ!"

ಎಲ್ಲರೂ ಅತ್ತೆಯ ಮುಖ ನೋಡಿದೆವು. ಹುಡುಗಿ ತಟ್ಟೆಯನ್ನು ಜಗಲಿಯ ಮೇಲಿಟ್ಟಳು.

"ಇವಳ ಬಾಯಾಗೆ ನಾಲಿಗೆ ಐತಲ್ರೇ!" ಎಂದವಳೇ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂಟು ಕೈಯಿಂದ ಒರೆಸಿಕೊಳ್ಳಲಾಗದೆ ಮುಖವನ್ನು ತೋಳಿಗೆ ಉಜ್ಜಿದಳು. "ಬಾ ಇಲ್ಲಿ, ನನ್ ಪಕ್ಕ ಕುಂತ್ಕ. ಮುದ್ದೆದು ಆತು, ಸಾರಿಗೇನಂತೀಯ, ಅದನ್ನೂ ಹೇಳು."

ಹುಡುಗಿ ಕೂತಳು, ಹಣ್ಣು ಎಳೆದುಕೊಂಡಳು. ಸಾರಿನ ಬಗ್ಗೆ ಅವಳು ಕಟ್ಟಿದ ಸಾಲಿನಲ್ಲಿ ಅರ್ಧ ತೆಲುಗು. ಅರ್ಥವಾಗಲಿಲ್ಲವೆಂದು ಅತ್ತೆ ತಲೆ ಆಡಿಸಿದಾಗಲೆಲ್ಲ ಅವಳು ಮತ್ತೆ ಬಿಡಿಸಿ ಹೇಳಿದಳು, ಇಡೀ ಓಣಿಗೆ ಕೇಳುವ ದನಿಯಲ್ಲಿ.