ತೀರ್ಥ ಕುಡಿದ ಗೋಸುಂಬೆ

"ರೀ, ಬನ್ನಿ ಇಲ್ಲಿ! ನಿಮ್ಮ ಗೋಸುಂಬೆ ತೀರ್ಥ ತಗೊಳ್ತಿದೆ!" ಎಂದು ಹೆಂಡತಿ ಕೂಗಿದಳು. ಕಾಡಿನಲ್ಲಿ ಹಿಡಿದಿದ್ದ ಆ ಪ್ರಾಣಿಯನ್ನು ಶೋಕಿಗಾಗಿ ಕೊಂಡು ಪರದೇಶದ ರೌಂಡ್ ರಾಕ್ ಊರಿನ ನಮ್ಮ ಅಪಾರ್ಟ್‌ಮೆಂಟಿಗೆ ತಂದವನು ನಾನೇ. ಸ್ಟೀಲ್ ಬಟ್ಟಲಲ್ಲಿ ನೀರಿಟ್ಟು "ಕುಡಿಯೋ ರಾಜಾ" ಎಂದು ಗೋಗರೆದರೂ ಅದು ತಿರುಗಿ ನೋಡಿರಲಿಲ್ಲ. ಕಣ್ಣು ಗುಳಿಬಿದ್ದು ಸಾಯುವಂತಾಗಿತ್ತು. ಈಗ ಪಂಜರದಿಂದ ತಪ್ಪಿಸಿಕೊಂಡು, ಆಕೆ ಆಗಷ್ಟೇ ನೀರೆರೆದ ತುಳಸಿ ಗಿಡವೇರಿ, ಎಲೆಯ ಮೇಲಿನ ಹನಿ ನೆಕ್ಕುತ್ತಿತ್ತು. ಪಾಪ, ಬಟ್ಟಲಲ್ಲಿರುವುದೂ ನೀರೇ ಎಂದು ಎಲೆಯ ಹನಿ ಕುಡಿದೇ ಬೆಳೆದ ಕಾಡಿನ ಜೀವಕ್ಕೆ ಹೇಗೆ ತಿಳಿಯಬೇಕು?

ಅಂದಿನಿಂದ ದಿನಾ ಬೆಳಿಗ್ಗೆ ತುಳಸಿಗೆ ನಾನೇ ನೀರು ಚಿಮುಕಿಸತೊಡಗಿದೆ. ಮೈಸೂರಿನಿಂದ ಬಂದಿದ್ದ ಅತ್ತೆಗೆ ಹಸಿರಲ್ಲಿ ಹಸಿರಾಗಿ ಕೂತಿದ್ದ ಗೋಸುಂಬೆ ಕಾಣಲಿಲ್ಲ. "ಅಳಿಯಂದಿರಿಗೆ ಎಷ್ಟು ಭಕ್ತಿ!" ಎಂದು ಹಿಗ್ಗಿದರು. ನಾನು ಕಣ್ಣು ಮುಚ್ಚಿ ಒಂದು ಪ್ರದಕ್ಷಿಣೆಯನ್ನೂ ಹಾಕಿದೆ. ಮನೆಯಲ್ಲಿ ನಿಜವಾದ ಗೋಸುಂಬೆ ಯಾರೆಂದು ಹೆಂಡತಿಗೆ ಮಾತ್ರ ಗೊತ್ತು.