ತಾನೇ ಹಾಕಿಕೊಂಡ ಅಂಗಿ

ನಮ್ಮ ಟ್ಯುಟೋರಿಯಲ್‌ನ ಎರಡು ಕೋಣೆಗಳ ನಡುವೆ ಇರುವುದು ಗೋಡೆಯಲ್ಲ, ಪ್ಲೈವುಡ್ ಹಲಗೆ. ಈಚೆ ನಾನು ಇಂಗ್ಲಿಷಿನಲ್ಲಿ ಅರ್ಜಿ, ಪತ್ರ ಬರೆಯುವುದನ್ನು ಕಲಿಸುತ್ತೇನೆ. ಆಚೆ ಅಕ್ಕ ವ್ಯಾಕರಣ ಕಲಿಸುತ್ತಾರೆ. ಅಕ್ಕ ಅಂದರೆ ಒಡಹುಟ್ಟಿದವರಲ್ಲ, ನನಗಿಂತ ಹದಿನಾಲ್ಕು ವರ್ಷ ದೊಡ್ಡವರು, ಅಷ್ಟೇ. ಕೆಳಗಿನ ಟೈರ್ ಅಂಗಡಿಯ ರಬ್ಬರ್ ವಾಸನೆ ನಮ್ಮಿಬ್ಬರ ಸೀರೆಗೂ ಹತ್ತಿಕೊಂಡು ಎಷ್ಟೋ ವರ್ಷಗಳಾದವು. ಒಗೆದರೂ ಹೋಗುವುದಿಲ್ಲ, ನಾವೂ ಮೂಗು ಮುಚ್ಚಿಕೊಳ್ಳುವುದನ್ನು ಬಿಟ್ಟಿದ್ದೇವೆ.

ಕಲಿಯಲು ಬರುವವರು ಮಕ್ಕಳಲ್ಲ. ನರ್ಸುಗಳು, ಡ್ರೈವರುಗಳು, ಬಟ್ಟೆ ಅಂಗಡಿಯ ಸೇಲ್ಸ್‌ನವರು. ಪಾಳಿ ಮುಗಿಸಿ, ಮುಖಕ್ಕೊಂದಿಷ್ಟು ನೀರು ಹಾಕಿಕೊಂಡು, ಬೆಂಚಿನ ಮೇಲೆ ಕೂತು ತೂಕಡಿಸುತ್ತಾರೆ. ಕಲಿಸುವವರಿಗೂ ತೂಕಡಿಕೆ, ಕಲಿಯುವವರಿಗೂ ತೂಕಡಿಕೆ. ಇದರ ಮಧ್ಯೆ ಅದು ಹೇಗೋ ಇಂಗ್ಲಿಷು ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತದೆ.

ಅಕ್ಕನಿಗೆ ಇಷ್ಟದ ಪಾಠ ಒಂದಿತ್ತು. "ನಮ್ಮ ಮಾತಲ್ಲಿ 'ಹಾಕ್ಕೊಂಡ' ಅಂದ್ರೆ ಮುಗೀತು. ತನಗೆ ತಾನೇ ಅನ್ನೋದು ಕ್ರಿಯಾಪದದ ಹೊಟ್ಟೆಯೊಳಗೇ ಇದೆ," ಎಂದು ಹಲಗೆಯಾಚೆಯಿಂದ ಕೇಳಿಸುತ್ತಿತ್ತು. "ಇಂಗ್ಲಿಷಿಗೆ ಅಷ್ಟು ಸಾಲಲ್ಲ. 'ಹಿಮ್‌ಸೆಲ್ಫ್' ಅಂತ ಬಾಯಿಬಿಟ್ಟು ಹೇಳಬೇಕು. ಅದು ಕ್ರಿಯಾಪದಕ್ಕೆ ಅಂಟಿಕೊಂಡು ಕೂತ್ಕೊಳ್ಳಲಿ. ಹೇಗೆ ಮಾಡಿದ? ಸ್ಲೋಲಿನೋ, ಕೇರ್‌ಫುಲಿನೋ? ಅವರೆಲ್ಲ ಆಮೇಲೆ ಬಂದು ಹಿಂದೆ ನಿಲ್ಲಲಿ. ಕ್ರಿಯಾಪದಕ್ಕೂ ಹಿಮ್‌ಸೆಲ್ಫಿಗೂ ಮಧ್ಯೆ ಯಾರನ್ನೂ ತೂರಿಸಬೇಡಿ." ಸ್ಲೋಲಿ ಎಂಬ ಪದ ಅವರ ಬಾಯಲ್ಲಿ ಎಷ್ಟು ಸಲ ಬರುತ್ತಿತ್ತೆಂದರೆ, ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ಸ್ಲೋಲಿ ಟೀಚರ್ ಅನ್ನುತ್ತಿದ್ದರು.

ಅವರ ಉದಾಹರಣೆಗಳು ಪುಸ್ತಕದವಲ್ಲ, ಮನೆಯವು. ಅವರ ಯಜಮಾನರು ವಿದ್ಯುತ್ ಕಂಬ ಹತ್ತುವ ಲೈನ್‌ಮನ್ ಆಗಿದ್ದವರು. ಒಂದು ಬೆಳಿಗ್ಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು, ಮಾತು ಅರ್ಧಕ್ಕರ್ಧ ನಿಂತುಹೋಯಿತು. ಆಮೇಲೆ ಆ ಮನೆಯ ಸುದ್ದಿಯೆಲ್ಲ ನನಗೆ ಬರುತ್ತಿದ್ದದ್ದು ಹಲಗೆಯ ಮೂಲಕವೇ. 'ಹಿ ಕಟ್ ಹಿಮ್‌ಸೆಲ್ಫ್ ಬ್ಯಾಡ್ಲಿ' ಎಂದು ಕೇಳಿದರೆ, ಓಹೋ, ಇವತ್ತು ಗಡ್ಡ ಹೆರೆದುಕೊಳ್ಳಲು ಹೋಗಿದ್ದಾರೆ ಎಂದುಕೊಳ್ಳುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಕೇಳಿಸುತ್ತಿದ್ದ ವಾಕ್ಯ ಒಂದೇ: 'ಹಿ ಕೆನಾಟ್ ಡ್ರೆಸ್ ಹಿಮ್‌ಸೆಲ್ಫ್ ಪ್ರಾಪರ್ಲಿ.' ಇಡೀ ಬ್ಯಾಚು ಅದನ್ನು ಬರೆದುಕೊಂಡು ಬಾಯಿಪಾಠ ಮಾಡಿತು. ಒಬ್ಬ ಡ್ರೈವರ್ ಪರೀಕ್ಷೆಯಲ್ಲೂ ಅದನ್ನೇ ಬರೆದು ಬಂದ.

ಅಕ್ಕನ ದಿನ ಹೇಗಿತ್ತೆಂದು ಹೇಳಿದರೆ ನನಗೇ ಆಯಾಸವಾಗುತ್ತದೆ. ಬೆಳಿಗ್ಗೆ ಎದ್ದು ಅಡುಗೆ, ಬಟ್ಟೆ, ಯಜಮಾನರಿಗೆ ಸ್ನಾನ, ಅಂಗಿ, ಊಟ. ಮಧ್ಯಾಹ್ನದ ಮಾತ್ರೆ ನುಂಗಿಸಿ ಮಲಗಿಸಿ, ಎರಡೂವರೆಗೆ ಇಲ್ಲಿ ಪಾಠ. ಐದೂವರೆಗೆ ಇಲ್ಲಿಂದ ಇಳಿದು ಇನ್ನೆರಡು ಮನೆಗಳಲ್ಲಿ ಟ್ಯೂಷನ್. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರುತ್ತಿರಲಿಲ್ಲ. "ಕೂತ್ರೆ ಎದ್ದೇಳಕ್ಕಾಗಲ್ಲಮ್ಮ" ಎನ್ನುತ್ತಿದ್ದರು.

ಹೀಗಿರುವಾಗ ನಮ್ಮ ಮಾಲೀಕರು ಬೆಳಗಿನ ಬ್ಯಾಚು ಶುರುಮಾಡಿದರು. ಎಂಟರಿಂದ ಎರಡು, ಕಾಯಂ ಕೆಲಸ, ಸಂಬಳ ಟ್ಯೂಷನ್ನನ್ನು ಮರೆಯುವಷ್ಟು. ಮೊದಲು ಕರೆದದ್ದು ಅಕ್ಕನನ್ನೇ. ಆ ಕೆಲಸ ಸಿಕ್ಕರೆ ಎರಡು ಗಂಟೆಗೆ ಮನೆ, ಸಂಜೆಯೆಲ್ಲ ಬಿಡುವು. ಅಕ್ಕನ ಮುಖದಲ್ಲಿ ಆಸೆ ಹೊಳೆದದ್ದನ್ನು ನಾನು ಕಣ್ಣಾರೆ ಕಂಡೆ. ಮರುದಿನ ಬಂದು ಆಗುವುದಿಲ್ಲ ಎಂದುಬಿಟ್ಟರು.

"ಬೆಳಿಗ್ಗೆ ಅವರನ್ನ ಯಾರು ನೋಡ್ತಾರೆ ಸರ್? ಒಂದು ಗುಂಡಿ ಹಾಕ್ಕೊಳ್ಳಕ್ಕೂ ನಾನೇ ಬೇಕು."

ಮಾಲೀಕರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ನಾನು ಒಪ್ಪಿಕೊಂಡೆ. ಅಯ್ಯೋ ಪಾಪ ಎನ್ನಿಸಲಿಲ್ಲವೇ? ಅನ್ನಿಸಿತು. ಆದರೆ ದಿನಾ ಎರಡು ಬಸ್ಸು ಬದಲಾಯಿಸಿ, ಸಂಜೆ ಜನಜಂಗುಳಿಯಲ್ಲಿ ನೇತಾಡಿಕೊಂಡು ಮನೆ ಸೇರುವವಳಿಗೆ ಎರಡು ಗಂಟೆಗೆ ಮನೆಗೆ ಹೋಗುವ ಕೆಲಸ ಬಾಗಿಲಿಗೆ ಬಂದರೆ ಯಾರು ಬೇಡ ಅನ್ನುತ್ತಾರೆ? ಬರುವ ತಿಂಗಳ ಒಂದನೇ ತಾರೀಖಿನಿಂದ ಎಂದು ನಿಗದಿಯಾಯಿತು.

ಅದಾಗಿ ಒಂದು ವಾರಕ್ಕೆ ಕೆಳಗಿನ ಟೈರ್ ಅಂಗಡಿಯಲ್ಲಿ ಏನೋ ಸುಟ್ಟು ಹೊಗೆ ಮೇಲಕ್ಕೆ ನುಗ್ಗಿತು. ಕೆಮ್ಮುತ್ತಾ ಎಲ್ಲರೂ ಇಳಿದೆವು, ಪಾಠ ರದ್ದಾಯಿತು. ಆಗ ಮೂರೂವರೆ. ಅಕ್ಕನ ಕೈಯಲ್ಲಿ ತಿದ್ದಬೇಕಾದ ಉತ್ತರ ಪತ್ರಿಕೆಗಳ ಎರಡು ಕಟ್ಟುಗಳಿದ್ದವು. ಒಂದನ್ನು ನಾನು ಹೊತ್ತುಕೊಂಡು ಅವರ ಮನೆಗೆ ಹೋದೆ.

ಮೊದಲ ಮಹಡಿಯ ಎರಡು ಕೋಣೆಯ ಮನೆ. ಬಾಗಿಲು ತೆಗೆದೇ ಇತ್ತು, ಮಂಚ ಖಾಲಿ. ಅಕ್ಕನ ಕೈಯಿಂದ ಕಟ್ಟು ಜಾರಿ ಬಿತ್ತು. "ರೀ!" ಎಂದು ಬಚ್ಚಲಿಗೆ ಓಡಿದರು, ಅಡುಗೆಮನೆಗೆ ಓಡಿದರು. ಆ ಗದ್ದಲಕ್ಕೆ ಕೆಳಗಿನ ಮನೆಯಾಕೆ ಮೆಟ್ಟಿಲ ಬುಡಕ್ಕೆ ಬಂದಳು.

"ಯಾಕಕ್ಕಾ ಗಾಬರಿ? ನಮ್ಮನೇಲೇ ಇದಾರೆ. ಮಾವನ ಜೊತೆ ಚದುರಂಗ. ದಿನಾ ಬರ್ತಾರಲ್ಲ!"

"ದಿನಾ?"

"ಮೂರಕ್ಕೆ ಬಂದು ಏಳಕ್ಕೆ ಹೋಗ್ತಾರೆ. ನಿಮಗೆ ಗೊತ್ತಿಲ್ವಾ?"

ಕೆಳಗೆ ಹೋದರೆ, ಯಜಮಾನರು ಕುರ್ಚಿಯಲ್ಲಿ ಕೂತಿದ್ದರು. ತಲೆ ಬಾಚಿತ್ತು. ಮೈಮೇಲೆ ನೀಲಿ ಅಂಗಿ, ಬೆಳಿಗ್ಗೆ ಅಕ್ಕ ತೊಡಿಸಿದ್ದು ಬಿಳಿಯದಂತೆ. ಕತ್ತಿನಿಂದ ಹೊಟ್ಟೆಯವರೆಗೆ ಏಳು ಗುಂಡಿಗಳೂ ಸರಿಯಾಗಿ ತಮ್ಮ ತಮ್ಮ ತೂತಿನಲ್ಲಿದ್ದವು. ಎಡಗೈಯಲ್ಲಿ ಆನೆ ಹಿಡಿದಿದ್ದರು. ಹೆಂಡತಿಯನ್ನು ನೋಡಿ ಅದನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು.

"ಇದು ಯಾರು ತೊಡಿಸಿದ್ದು?" ಅಕ್ಕ ಕೇಳಿದರು.

"ಯಾರೂ ಇಲ್ಲಮ್ಮ," ಎಂದು ಚದುರಂಗದ ಮಣೆಯಾಚೆ ಕೂತಿದ್ದ ಮುದುಕರು ಉತ್ತರ ಕೊಟ್ಟರು. "ಅವನೇ ಹಾಕ್ಕೊಂಡು ಬರ್ತಾನೆ. ಶುರುವಲ್ಲಿ ಅರ್ಧ ಗಂಟೆ ಹಿಡೀತಿತ್ತಂತೆ. ಈಗ ನನಗಿಂತ ಬೇಗ."

ಅಕ್ಕ ಮುಂದೆ ಮುಂದೆ ಮೆಟ್ಟಿಲು ಹತ್ತಿದರು. ಹಿಂದೆ ಯಜಮಾನರೂ ಗೋಡೆ ಹಿಡಿದು ಒಬ್ಬರೇ ಹತ್ತಿದರು. ಒಳಗೆ ಬಂದ ಮೇಲೆ ಅಕ್ಕನ ಸಿಟ್ಟು ಕಟ್ಟೆಯೊಡೆಯಿತು. ಅಷ್ಟು ವರ್ಷಗಳಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಎಷ್ಟು ದಿನದಿಂದ?"

ಅವರು ನಾಲ್ಕು ಬೆರಳು ಎತ್ತಿದರು. "ತಿಂ... ತಿಂಗಳು."

"ನಾಲ್ಕು ತಿಂಗಳು! ನಾನು ಬರೋ ಹೊತ್ತಿಗೆ ಹಳೇ ಅಂಗಿ ಹಾಕ್ಕೊಂಡು, ಏನೂ ಆಗದವರ ಹಾಗೆ ಮಲಗಿರ್ತಿದ್ರಿ. ಬೆಳಿಗ್ಗೆ ನಾನು ಗುಂಡಿ ಹಾಕ್ತಿದ್ರೆ ಮಗು ಹಾಗೆ ಕೈ ಚಾಚ್ತಿದ್ರಿ. ನಿಮಗೋಸ್ಕರ ಅಂಥ ಕೆಲಸ ಕೈ ಬಿಟ್ಟು ಬಂದೆ ನಾನು. ಯಾಕೆ ಹೇಳಲಿಲ್ಲ? ಯಾಕೆ?"

ಅವರ ಬಾಯಿ ಅಲುಗಿತು, ಮಾತು ಬರಲಿಲ್ಲ. ಸಾಮಾನ್ಯವಾಗಿ ಅವರ ವಾಕ್ಯಗಳನ್ನು ಪೂರ್ತಿ ಮಾಡುತ್ತಿದ್ದವರು ಅಕ್ಕನೇ. ಬರುವ ಮಾತಿಗೆ ಕಾಯುವಷ್ಟು ಪುರುಸೊತ್ತು ಅವರಿಗೆಲ್ಲಿತ್ತು? ಆ ದಿನ ಮಾತ್ರ ಅಕ್ಕನಿಗೂ ಉತ್ತರ ಗೊತ್ತಿರಲಿಲ್ಲ. ಕಾದರು. ನಾನೂ ಬಾಗಿಲಲ್ಲಿ ಕಟ್ಟು ಹಿಡಿದುಕೊಂಡು ಕಾದೆ.

"ಆಗ... ಆಗ ಮಾತ್ರ," ಅಂದರು. ಎಡಗೈಯಿಂದ ಅಂಗಿಯ ಗುಂಡಿ ಮುಟ್ಟಿ ತೋರಿಸಿದರು. "ನೀನು... ನನ್ನೆದುರು... ಕೂತ್ಕೋತೀಯ."

ಅಕ್ಕ ಹೆಗಲ ಚೀಲವನ್ನೂ ಇಳಿಸದೆ ನೆಲದ ಮೇಲೆ ಕುಸಿದು ಕೂತರು. ಅಳಲಿಲ್ಲ. ಅಳುವುದಕ್ಕೂ ಒಂದಿಷ್ಟು ಕಸುವು ಬೇಕಲ್ಲ. ಗುಂಡಿ ಹಾಕಿಸಿಕೊಳ್ಳುವ ಆ ಹತ್ತು ನಿಮಿಷ ಉಳಿಸಿಕೊಳ್ಳಲು ಯಜಮಾನರು ಹೂಡಿದ ನಾಟಕವೇ ಇಬ್ಬರ ಸಂಜೆಗಳನ್ನೂ ಕಸಿದಿತ್ತು. ಕಸಿದ ಆ ಸಂಜೆಗಳು ಈಗ ಯಾರ ಕೈಗೆ ಬಂದಿವೆ ಎಂಬುದು ಅಕ್ಕನಿಗೂ ನನಗೂ ಗೊತ್ತಿತ್ತು. ಅಕ್ಕ ನನ್ನತ್ತ ತಿರುಗಲಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು, ನಾನು ಏನಾದರೊಂದು ನೆಪ ಹೇಳಿ ಹಗುರವಾಗುತ್ತಿದ್ದೆ. ಕಟ್ಟನ್ನು ಮೇಜಿನ ಮೇಲಿಟ್ಟು ಬಂದುಬಿಟ್ಟೆ.

ಮಾರನೇ ದಿನವೇ ಹೋಗಿ ಕೆಲಸ ಬಿಟ್ಟುಕೊಟ್ಟೆ ಎಂದು ಬರೆದರೆ ಓದುವವರಿಗೆ ಖುಷಿಯಾಗಬಹುದು, ಆದರೆ ಸುಳ್ಳು. ಐದು ದಿನ ಹಿಡಿಯಿತು. ಐದು ದಿನವೂ ಬಸ್ಸಿನ ಕಂಬಿಗೆ ಜೋತುಬಿದ್ದು ಲೆಕ್ಕಾಚಾರ ಹಾಕಿದೆ. ಅವರೇನು ಕೇಳಿದರೇ? ಇಲ್ಲ. ನಾನೇನು ಕದ್ದೆನೇ? ಇಲ್ಲ. ಆರನೇ ದಿನ ಮಾಲೀಕರ ಮುಂದೆ ನಿಂತು, ಬೆಳಗಿನ ಬ್ಯಾಚು ಅಕ್ಕನಿಗೇ ಇರಲಿ ಅಂದೆ. ದೊಡ್ಡ ಮನಸ್ಸಿನಿಂದಲ್ಲ, ಹೊಟ್ಟೆ ಉರಿದುಕೊಂಡೇ ಅಂದೆ. ಕೆಳಗಿಳಿದು ಟೈರುಗಳ ಪಕ್ಕದಲ್ಲಿ ನಿಂತು ನನ್ನನ್ನು ನಾನೇ ಚೆನ್ನಾಗಿ ಬೈದುಕೊಂಡೆ.

ಒಂದನೇ ತಾರೀಖು ನಾನು ಮಧ್ಯಾಹ್ನದ ಪಾಠಕ್ಕೆ ಹತ್ತುತ್ತಿದ್ದೆ, ಅಕ್ಕ ಬೆಳಗಿನದನ್ನು ಮುಗಿಸಿ ಇಳಿಯುತ್ತಿದ್ದರು. ಮುಖ ಅದೇ, ಬಳಲಿದ್ದು. ಅವರು ನನ್ನ ಕೈ ಹಿಡಿದು ನಿಂತರು.

"ಟ್ಯೂಷನ್ನೂ ಇಲ್ಲ ಇನ್ಮೇಲೆ," ಅಂದೆ ನಾನು. "ಮನೆಗೆ ಹೋಗಿ ಏನ್ ಮಾಡ್ತೀರಿ ಅಕ್ಕ?"

"ಏನೂ ಮಾಡಲ್ಲಮ್ಮ," ಅಂದರು. "ಕೂತ್ಕೋತೀನಿ."