ಅತ್ತಿಗೆಯ ಎರಡು ಟ್ಯಾಬ್‌ಗಳು
ನಮ್ಮ ಅತ್ತಿಗೆ ಕಣ್ಣಾರೆ ಕಾಣದ್ದನ್ನು ನಂಬುವವರಲ್ಲ. ವಾಷಿಂಗ್ ಮೆಷಿನ್ ಮುಂದೆಯೂ ಕುರ್ಚಿ ಹಾಕಿಕೊಂಡು ಕೂರುವವರು. ಅಣ್ಣ ಬದುಕಿದ್ದಾಗ ಕೊಡಿಸಿದ ಟ್ಯಾಬ್ ಈಗಲೋ ಆಗಲೋ ಎನ್ನುವಂತಾಗಿ, ಅದರ ಫೋಟೋಗಳನ್ನು ಹೊಸದಕ್ಕೆ ಸಾಗಿಸಲು ನನ್ನನ್ನು ಕೂರಿಸಿದರು. ಎರಡನ್ನೂ ಒರೆಸಿ, ಬೀಗರ ಹಾಗೆ ಅಕ್ಕಪಕ್ಕ ಇಟ್ಟರು; ಮಧ್ಯೆ ಲೋಟ ಇಡಲೂ ಬಿಡಲಿಲ್ಲ. “ಅಲ್ಲಿಂದ ಹೊರಟು ಇಲ್ಲಿಗೆ ಬರೋವರೆಗೂ ಇವು ಎಲ್ಲಿರ್ತವಪ್ಪಾ?” ಎಂದು ಕೇಳಿದರು. “ನಾನೇನು ಒಳಗೆ ಹೋಗಿ ನೋಡಿದೀನಾ?” ಎಂದು ರೇಗಿದೆ. ಅವರು ಕಿವಿಗೇ ಹಾಕಿಕೊಳ್ಳದೆ, ಒಂದೊಂದು ಫೋಟೋ ಬಂದಾಗಲೂ ನೆಂಟರು ಹೊಸ್ತಿಲು ದಾಟಿದಂತೆ “ಬಂತು, ಬಂತು” ಎನ್ನುತ್ತಿದ್ದರು. ಹಳೆಯದರಲ್ಲಿ ಇನ್ನೂ ಉಳಿದವನ್ನು ನೋಡಿದರೆ ಅರ್ಧಕ್ಕರ್ಧ ಮಸುಕು, ಮೂಲೆಯಲ್ಲೊಂದು ಹೆಬ್ಬೆರಳು ಬೇರೆ. “ಈ ಕಸ ಅಳಿಸಿಬಿಡ್ತೀನಿ ಅತ್ತಿಗೆ. ಹಳೇದು ಕಣ್ಣು ಮುಚ್ಚೋದ್ರೊಳಗೆ ಒಳ್ಳೇವಾದ್ರೂ ದಾಟ್ಲಿ.” ಅತ್ತಿಗೆ ನನ್ನ ಕೈ ಹಿಡಿದುಕೊಂಡರು. “ತೆಗೀತಿದ್ದೋರು ನಿಮ್ಮಣ್ಣ ಅಲ್ವೇನಪ್ಪಾ. ಎಲ್ಲಾದ್ರಲ್ಲೂ ನಾವೇ ಇದೀವಿ. ಅವ್ರು ಇರೋದು ಇಷ್ಟೇ.” ಫೋಟೋ ದೊಡ್ಡದು ಮಾಡಿದೆ. ಬಡಗಿ ಕೆಲಸದಲ್ಲಿ ಸುತ್ತಿಗೆ ಏಟು ಬಿದ್ದು ಸೀಳಿದ್ದ ಅಣ್ಣನ ಅದೇ ಉಗುರು. ಹೆಬ್ಬೆರಳಿನವನ್ನೇ ಮೊದಲು ಕಳಿಸಿದೆ. ಈ ಸಲ “ಬಂತು, ಬಂತು” ಎಂದವನು ನಾನು.